ಊರಿಗೆ ಕಳಿಸುವ ಬಸ್ಸುಗಳು

1981ರ ಜುಲೈ 13ರಂದು ಮಹಾರಾಷ್ಟ್ರದ ಅಂದಿನ ಮುಖ್ಯಮಂತ್ರಿ ಶ್ರೀ ಎ. ಆರ್. ಅಂತುಲೆಯವರು ಒಂದು ಪ್ರಕಟಣೆ ಹೊರಡಿಸಿದರು. ಮುಂಬಯಿಯ ಫುಟ್‌ಪಾತುಗಳ ಮೇಲೆ ವಾಸಿಸುವವರನ್ನೆಲ್ಲ ಬಲವಂತವಾಗಿ ಎಬ್ಬಿಸಿ ಅವರವರ ಮೂಲ ಊರುಗಳಿಗೆ ಕಳಿಸಲಾಗುವುದು, ಇಲ್ಲವೇ ಮುಂಬಯಿಯ ಹೊರಗೆ ಸಾಗಿಸಲಾಗುವುದು ಎಂಬುದು ಅದರ ಸಾರಾಂಶ. ಮಳೆಗಾಲದಲ್ಲಿ ಈ ಜನ ಹರುಕು ತಟ್ಟಿ, ಪ್ಲಾಸ್ಟಿಕ್ ಹಾಳೆಗಳ ಅಡಿಯಲ್ಲಿ ಬಾಳುವುದು ಅಮಾನುಷವೆಂದು ಸರಕಾರ ಕಾರಣವನ್ನೂ ಕೊಟ್ಟಿತ್ತು. ಹತ್ತೇ ದಿನಗಳಲ್ಲಿ, ಅದೇ ಮಳೆಗಾಲದ ನಡುವೆ, ನಗರಪಾಲಿಕೆಯ ಸಿಬ್ಬಂದಿ ಪೋಲೀಸರೊಡನೆ ಬಂದು ಗುಡಿಸಲುಗಳನ್ನು ಕಿತ್ತರು, ಒಳಗಿದ್ದವರನ್ನು ಎಸ್. ಟಿ. ಬಸ್ಸುಗಳಲ್ಲಿ ತುಂಬಿಸಿದರು.

ಆ ಬಸ್ಸುಗಳಲ್ಲಿ ಏನಾಯಿತೆಂಬುದು ಮುಂದೆ ಸುಪ್ರೀಂ ಕೋರ್ಟಿನ ಕಡತಕ್ಕೆ ಸೇರಿತು. ಸೇಲಂ ಜಿಲ್ಲೆಯ ಒಬ್ಬ ಭೂಹೀನ ಕೂಲಿಗಾರ 1961ರಲ್ಲಿ ಬರಗಾಲಕ್ಕೆ ಊರು ಬಿಟ್ಟು ಬಂದವನು. ಕಾರಖಾನೆಯೊಂದರಲ್ಲಿ ದಿನಗೂಲಿ, ಹೆದ್ದಾರಿಯ ಅಂಚಿನಲ್ಲಿ ಪ್ಲಾಸ್ಟಿಕ್ ಹಾಳೆಯ ಸೂರು, ಆ ಸೂರಿಗೂ ಸ್ಥಳೀಯ ದಾದಾ ಒಬ್ಬನಿಗೆ ಎರಡೂವರೆ ಸಾವಿರ ರೂಪಾಯಿ ತೆತ್ತಿದ್ದ. ಜುಲೈ 23ರಂದು ಅವನನ್ನೂ ಅವನ ಮನೆಯವರನ್ನೂ ಸೇಲಂ ಬಸ್ಸು ಹತ್ತಿಸಲಾಯಿತು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು, ಕೆಲಸ ಹುಡುಕಿಕೊಂಡು ಅವನು ಮತ್ತೆ ಮುಂಬಯಿಯ ಫುಟ್‌ಪಾತಿಗೇ ಮರಳಿದ. ಹೀಗೆ ಸಾಗಿಸುವ ದಾರಿಯಲ್ಲಿ ಎರಡು ಹಸುಳೆಗಳು ಹುಟ್ಟಿದವು, ಬೇರೆ ಎರಡು ಸತ್ತವು ಎಂಬ ಹೇಳಿಕೆಯೂ ಆ ಮೊಕದ್ದಮೆಯ ದಾಖಲೆಯಲ್ಲಿದೆ.

ಗಮನಿಸಬೇಕಾದ ಸಂಗತಿಯೆಂದರೆ, ಇವರು ಯಾರೂ ವಿದೇಶೀಯರಲ್ಲ. ಭಾರತದ ಪ್ರಜೆಗಳು. ದೇಶದ ಯಾವ ಮೂಲೆಗಾದರೂ ಹೋಗಲು, ಎಲ್ಲಿಯಾದರೂ ನೆಲೆಸಲು ಸಂವಿಧಾನದ 19ನೆಯ ವಿಧಿ ಹಕ್ಕು ಕೊಟ್ಟಿರುವ ಜನ. ಅವರನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಗಡೀಪಾರು ಮಾಡುವ ಅಧಿಕಾರ ಯಾವ ಮುಖ್ಯಮಂತ್ರಿಗೂ ಇರಲಿಲ್ಲ. ಆದರೂ ಬಸ್ಸುಗಳು ಹೊರಟವು.

ನಲವತ್ತು ವರ್ಷಗಳ ಹಿಂದಿನ ಈ ಮಾತನ್ನು ಇಂದು ಏಕೆ ಎತ್ತುತ್ತೇವೆಂದು ಓದುಗರು ಕೇಳಬಹುದು. ಥಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ‘ಅಕ್ರಮ ಕೂಲಿಗಾರರ’ ತಪಾಸಣೆಯ ಸುದ್ದಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಕಟ್ಟಡದ ಶೆಡ್ಡುಗಳಿಗೆ ಪೋಲೀಸರು ಬರುವುದು, ಕಾಗದಪತ್ರ ಕೇಳುವುದು, ಕೆಲವರನ್ನು ಕರೆದೊಯ್ಯುವುದು ಹೊಸತೆಂದು ಬಹುಮಂದಿ ತಿಳಿದಿದ್ದಾರೆ. ಹೊಸತಲ್ಲ. ಅದಕ್ಕೊಂದು ಚರಿತ್ರೆಯಿದೆ, ಆ ಚರಿತ್ರೆಯಲ್ಲಿ ಹೊರನಾಡ ಕನ್ನಡಿಗರಾದ ನಮ್ಮ ಪಾಲೂ ಇದೆ.

ಕಲ್ಯಾಣದ ಬಾಗಿಲು

ನಾವು ಈ ಭಾಗಕ್ಕೆ ಬಂದ ದಾರಿಗಳು ಎರಡು. 1853ರಲ್ಲಿ ರೈಲು ಥಾಣೆಗೆ ಬಂತು, ಮರುವರ್ಷ ಕಲ್ಯಾಣಕ್ಕೆ. 1871ರಲ್ಲಿ ಅದೇ ಹಳಿ ಪುಣೆ, ಸೊಲ್ಲಾಪುರ, ಗುಲ್ಬರ್ಗಾ ದಾಟಿ ರಾಯಚೂರು ಮುಟ್ಟಿತು. ಅಂದಿನಿಂದ ಬಿಜಾಪುರ, ಗುಲ್ಬರ್ಗಾ, ರಾಯಚೂರಿನ ಒಣನೆಲದ ರೈತನಿಗೆ ಮಳೆ ಕೈಕೊಟ್ಟ ವರ್ಷ ಗುಳೆ ಹೋಗಲು ಒಂದು ಹಾದಿ ತೆರೆಯಿತು. ಕಲ್ಯಾಣ ಜಂಕ್ಷನ್ ಅದರ ಬಾಗಿಲಾಯಿತು. ಕರಾವಳಿಯವರ ದಾರಿ ಬೇರೆ. ಮೊದಲು ಹಡಗು, ಆಮೇಲೆ ಘಟ್ಟ ಹತ್ತುವ ಬಸ್ಸು, 1998ರ ನಂತರ ಕೊಂಕಣ ರೈಲು. ಅವರಲ್ಲಿ ಹೆಚ್ಚಿನವರು ಹೋಟೆಲು, ಕ್ಯಾಂಟೀನು, ಬ್ಯಾಂಕು, ಮಿಲ್ಲುಗಳನ್ನು ಸೇರಿದರು. ಖೋಲಿ ಹಿಡಿದರು, ಸಂಘ ಕಟ್ಟಿದರು. ಬಯಲುಸೀಮೆಯ ಕೂಲಿಗಾರ ಮಾತ್ರ ಕಲ್ಲು, ಮಣ್ಣು, ಗಾರೆಯ ಕೆಲಸದಲ್ಲೇ ಉಳಿದ. ಸಂಘದ ಸದಸ್ಯರ ಪಟ್ಟಿಯಲ್ಲಿ ಅವನ ಹೆಸರು ಕಾಣುವುದು ಅಪರೂಪ.

1970ರ ಮಾರ್ಚ್ 17ರಂದು ಸಿಡ್ಕೊ ಸ್ಥಾಪನೆಯಾಯಿತು. 1973ರಲ್ಲಿ ವಾಶಿಯ ಖಾಡಿಗೆ ಸೇತುವೆ ಬಂತು. ಅದೇ ಹೊತ್ತಿಗೆ, 1972ರ ಸುತ್ತಿನ ಭೀಕರ ಬರಗಾಲ ಮಹಾರಾಷ್ಟ್ರ ಕರ್ನಾಟಕಗಳೆರಡರ ಒಣಜಿಲ್ಲೆಗಳನ್ನೂ ಖಾಲಿ ಮಾಡಿತು. ಒಂದು ಕಡೆ ಕೆಲಸವಿಲ್ಲದ ಕೈಗಳು. ಇನ್ನೊಂದು ಕಡೆ ಕಟ್ಟಬೇಕಾದ ಹೊಸ ನಗರ. ಲಂಬಾಣಿ ತಾಂಡಾಗಳಿಂದ, ವಡ್ಡರ ಕೇರಿಗಳಿಂದ ಸಂಸಾರ ಸಮೇತ ಬಂದವರು ಕಲ್ಲುಕ್ವಾರಿಗಳಲ್ಲಿ ಜಲ್ಲಿ ಒಡೆದರು, ರಸ್ತೆ ಹಾಸಿದರು, ಪಾಯ ತೋಡಿದರು. ಇಂದಿಗೂ ಮುಂಜಾನೆ ಹೊತ್ತು ತುರ್ಭೆ, ನೆರೂಳ, ಐರೋಳಿಗಳ ನಾಕಾಗಳಲ್ಲಿ ಬುತ್ತಿ ಹಿಡಿದು ನಿಂತ ಬಿಗಾರಿ ಗೌಂಡಿಗಳ ನಡುವೆ ಹಾದುಹೋದರೆ ಗುಲ್ಬರ್ಗಾದ ಕನ್ನಡ, ಲಂಬಾಣಿ ಮಾತು ಕಿವಿಗೆ ಬೀಳುತ್ತದೆ.

ಮುಂಬಯಿಯ ಹೊರಗೆ ಸಾಗಿಸುತ್ತೇವೆಂದು 1981ರಲ್ಲಿ ಸರಕಾರ ಹೇಳಿದ ಆ ‘ಹೊರಗೆ’ ಎಂಬುದು ನಮ್ಮದೇ ಈ ಪ್ರದೇಶ. ಥಾಣೆಗೆ ಮಹಾನಗರಪಾಲಿಕೆ ಬಂದದ್ದು 1982ರಲ್ಲಿ, ಕಲ್ಯಾಣಕ್ಕೆ 1983ರಲ್ಲಿ, ನವಿ ಮುಂಬಯಿಗೆ 1992ರಲ್ಲಿ. ಅಲ್ಲಿ ಎಬ್ಬಿಸಿದವರಿಗೆ, ಅಲ್ಲಿ ಬಾಡಿಗೆ ಕೊಡಲಾರದವರಿಗೆ, ಊರಿಂದ ಹೊಸದಾಗಿ ಬಂದವರಿಗೆ ಈ ಬೆಳೆಯುತ್ತಿದ್ದ ಊರುಗಳು ಆಸರೆಯಾದವು. ಪಾಲಿಕೆಗಳು ಕಣ್ಣು ತೆರೆಯುವ ಮೊದಲೇ ಜೋಪಡಿಗಳು ಎದ್ದಿದ್ದವು. ಆಮೇಲೆ ಅವಕ್ಕೆ ‘ಅನಧಿಕೃತ’ ಎಂಬ ಹೆಸರು ಬಂತು.

ಬಳಕೆಯಾಗದ ಕನ್ನಡ ಪಾಸ್‌ಬುಕ್

ಈಗ ಇನ್ನೊಂದು ದಿನಾಂಕವನ್ನು ಓದುಗರ ಮುಂದಿಡುತ್ತೇವೆ. 1980ರ ಅಕ್ಟೋಬರ್ 2, ಗಾಂಧೀ ಜಯಂತಿ. 1979ರಲ್ಲಿ ಸಂಸತ್ತು ಅಂಗೀಕರಿಸಿದ್ದ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಜಾರಿಗೆ ಬಂದ ದಿನವದು. ಬಸ್ಸುಗಳು ಹೊರಡುವುದಕ್ಕೆ ಹತ್ತು ತಿಂಗಳೂ ಉಳಿದಿರಲಿಲ್ಲ.

ಒರಿಸ್ಸಾದಿಂದ ಮುಂಗಡ ಕೊಟ್ಟು ಕರೆದೊಯ್ಯುತ್ತಿದ್ದ ‘ದಾದನ್’ ಕೂಲಿಗಾರರ ದುರವಸ್ಥೆಯೇ ಆ ಕಾಯ್ದೆಗೆ ಕಾರಣ. ಐದು ಮಂದಿ ಅಥವಾ ಅದಕ್ಕಿಂತ ಹೆಚ್ಚು ಹೊರರಾಜ್ಯದ ಕೂಲಿಗಳನ್ನು ತರುವ ಗುತ್ತಿಗೆದಾರ ಲೈಸೆನ್ಸ್ ಪಡೆಯಬೇಕು. ಬಂದವನಿಗೆ ತಿಂಗಳ ಕೂಲಿಯ ಅರ್ಧದಷ್ಟು ಇಲ್ಲವೇ 75 ರೂಪಾಯಿ, ಯಾವುದು ಹೆಚ್ಚೋ ಅದನ್ನು, ಊರು ಬಿಟ್ಟ ಭತ್ಯವಾಗಿ ಕೊಡಬೇಕು. ಹೋಗಿಬರುವ ಖರ್ಚು, ಪ್ರಯಾಣದ ದಿನಗಳ ಕೂಲಿ, ಇರಲು ಯೋಗ್ಯ ಜಾಗ, ಔಷಧೋಪಚಾರ ಎಲ್ಲವೂ ಗುತ್ತಿಗೆದಾರನ ಹೊಣೆ. ಕೂಲಿಗಾರ ಅಪಘಾತದಲ್ಲಿ ಸತ್ತರೆ ಎರಡೂ ರಾಜ್ಯಗಳ ಅಧಿಕಾರಿಗಳಿಗೂ ಮನೆಯವರಿಗೂ ತಿಳಿಸಬೇಕು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ತೆರಬೇಕು.

ಅದರ 12ನೆಯ ಕಲಮಿನಲ್ಲಿ ಕನ್ನಡಿಗರಾದ ನಾವು ವಿಶೇಷವಾಗಿ ನೆನಪಿಡಬೇಕಾದ ಒಂದು ಮಾತಿದೆ. ಪ್ರತಿಯೊಬ್ಬ ಕೂಲಿಗಾರನಿಗೂ ಭಾವಚಿತ್ರ ಅಂಟಿಸಿದ ಪಾಸ್‌ಬುಕ್ ಕೊಡಬೇಕು. ಅದರಲ್ಲಿ ಕೆಲಸದ ಸ್ಥಳ, ಅವಧಿ, ಕೂಲಿಯ ದರ, ಭತ್ಯ, ಕಡಿತ ಇವೆಲ್ಲ ಹಿಂದಿ ಇಂಗ್ಲಿಷುಗಳಲ್ಲಿ ಮಾತ್ರವಲ್ಲ, ಕೂಲಿಗಾರನ ಭಾಷೆ ಬೇರೆಯಾಗಿದ್ದರೆ ಆ ಭಾಷೆಯಲ್ಲೂ ಇರಬೇಕು. ಎಂದರೆ, ಗುಲ್ಬರ್ಗಾದಿಂದ ಮೇಸ್ತ್ರಿಯೊಬ್ಬ ಥಾಣೆಗೆ ಕರೆತಂದ ಕೂಲಿಗಾರನ ಕೈಯಲ್ಲಿ ಕನ್ನಡದಲ್ಲಿ ಬರೆದ ಪಾಸ್‌ಬುಕ್ ಇರಬೇಕೆಂದು ಭಾರತದ ಕಾನೂನು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಹೇಳುತ್ತಿತ್ತು. ಅಂಥ ಪಾಸ್‌ಬುಕ್ ಹಿಡಿದ ಗೌಂಡಿಯನ್ನು ನಾವು ಯಾವ ನಾಕಾದಲ್ಲೂ ಕಂಡಿಲ್ಲ.

ಈ ಕಾಯ್ದೆಯ ಕಣ್ಣಿನಲ್ಲಿ ‘ಅಕ್ರಮ’ ಎಂಬ ಪದ ಯಾರಿಗೆ ಅಂಟುತ್ತದೆ? ಲೈಸೆನ್ಸಿಲ್ಲದೆ ಜನ ತರುವ ಗುತ್ತಿಗೆದಾರನಿಗೆ. ನೋಂದಣಿಯಿಲ್ಲದೆ ದುಡಿಸುವ ಮಾಲೀಕನಿಗೆ. ಕೂಲಿಗಾರನಿಗಲ್ಲ. ಆದರೆ ಗುತ್ತಿಗೆದಾರನ ತಪ್ಪಿಗೆ ಗರಿಷ್ಠ ಶಿಕ್ಷೆ ಒಂದು ವರ್ಷದ ಸೆರೆ ಅಥವಾ ಒಂದು ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ. ಸಾವಿರ ರೂಪಾಯಿಯ ಅಂಜಿಕೆಗೆ ಯಾವ ಗುತ್ತಿಗೆದಾರ ಹತ್ತಾರು ರಿಜಿಸ್ಟರು ಇಟ್ಟಾನು? ಸ್ವಂತವಾಗಿ ರೈಲು ಹತ್ತಿ ಬಂದು ನಾಕಾದಲ್ಲಿ ನಿಂತವನಂತೂ ಈ ಕಾಯ್ದೆಯ ವ್ಯಾಪ್ತಿಗೇ ಬರಲಿಲ್ಲ. ಗುತ್ತಿಗೆದಾರನನ್ನು ಹಿಡಿಯುವ ಕಾನೂನು ಕಪಾಟಿನಲ್ಲಿ ಕುಳಿತಿತು. ಗುಡಿಸಲು ಕೀಳುವ ಕಾನೂನು ಬೀದಿಗಿಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ. ಮರಳುವ ಪ್ರಯಾಣದ ಖರ್ಚನ್ನು ಗುತ್ತಿಗೆದಾರ ಕೊಡಬೇಕೆಂದು ಕಾಯ್ದೆ ಹೇಳಿದ ಮರುವರ್ಷವೇ ಸರಕಾರ ಆ ಪ್ರಯಾಣವನ್ನು ಪೋಲೀಸರ ಕಾವಲಿನಲ್ಲಿ ಮಾಡಿಸಿತು.

ಕೋರ್ಟು ಕೊಟ್ಟದ್ದು, ಕೊಡದಿದ್ದದ್ದು

ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮತ್ತಿತರರು ಈ ಬಲವಂತದ ತೆರವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 1985ರ ಜುಲೈ 10ರಂದು ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರ ನೇತೃತ್ವದ ಐವರು ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟ್ ಪೀಠ ತೀರ್ಪಿತ್ತಿತು. ಬದುಕುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಅಡಗಿದೆ. ದುಡಿಯುವ ಜಾಗದ ಹತ್ತಿರದ ಸೂರನ್ನು ಕಿತ್ತರೆ ದುಡಿಮೆಯನ್ನೇ ಕಿತ್ತಂತೆ ಎಂಬ ತತ್ತ್ವವನ್ನು ಅದು ಎತ್ತಿಹಿಡಿಯಿತು. ಈ ತೀರ್ಪನ್ನು ಇಂದಿಗೂ ದೇಶವಿದೇಶಗಳ ಕಾನೂನು ವಿದ್ಯಾರ್ಥಿಗಳು ಓದುತ್ತಾರೆ.

ಆದರೆ ಪೂರ್ತಿ ಓದಿದರೆ ಇನ್ನೊಂದು ಮುಖವೂ ಕಾಣುತ್ತದೆ. ಫುಟ್‌ಪಾತು ನಡೆಯುವವರದು, ನ್ಯಾಯಯುತ ಕ್ರಮ ಅನುಸರಿಸಿ ತೆರವು ಮಾಡುವ ಅಧಿಕಾರ ಪಾಲಿಕೆಗೆ ಇದೆ ಎಂದೂ ಕೋರ್ಟು ಹೇಳಿತು. ಆ ವರ್ಷದ ಮಳೆಗಾಲ ಮುಗಿದು ಒಂದು ತಿಂಗಳಾಗುವವರೆಗೆ, ಎಂದರೆ ಅಕ್ಟೋಬರ್ 31ರ ತನಕ, ಎಬ್ಬಿಸಬಾರದು ಎಂದಿತು. 1976ರ ಗಣತಿಯಲ್ಲಿ ಸೇರಿ ಗುರುತುಚೀಟಿ ಪಡೆದವರಿಗೆ ಬದಲಿ ಜಾಗ ಕೊಡಬೇಕೆಂದಿತು. ಅಲ್ಲಿಗೆ ಬಡವನ ಬದುಕು ಒಂದು ತಾರೀಖಿಗೆ ಕಟ್ಟುಬಿತ್ತು. 1976 ಹೋಗಿ ಮುಂದೆ 1995ರ ಜನವರಿ 1 ಬಂತು, ಆಮೇಲೆ 2000ದ ಜನವರಿ 1. ಆ ದಿನಕ್ಕೆ ಮೊದಲೇ ಇಲ್ಲಿದ್ದೆನೆಂದು ತೋರಿಸುವ ರೇಷನ್ ಕಾರ್ಡು, ಮತದಾರರ ಪಟ್ಟಿಯ ಸಾಲು ಇದ್ದವನು ಅರ್ಹ, ಇಲ್ಲದವನು ಅನರ್ಹ. ವರ್ಷಕ್ಕೆ ಎಂಟು ತಿಂಗಳು ಇಲ್ಲಿ, ನಾಲ್ಕು ತಿಂಗಳು ಊರಲ್ಲಿ ಇರುವ ಗುಳೆಯವನಿಗೆ ಆ ಕಾಗದ ಎಲ್ಲಿಂದ ಬರಬೇಕು? ಊರಿನ ರೇಷನ್ ಕಾರ್ಡು ಬಿಟ್ಟರೆ ಅಲ್ಲಿಯ ಅಕ್ಕಿ ಹೋಯಿತು. ಬಿಡದಿದ್ದರೆ ಇಲ್ಲಿಯ ಗುರುತು ಇಲ್ಲ.

ಕಾಗದವಿಲ್ಲದವನು ಎಲ್ಲಿ ಮಲಗುತ್ತಾನೆ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಒಂದು ಕರಾಳ ಉತ್ತರ ಸಿಕ್ಕಿತು. 2013ರ ಏಪ್ರಿಲ್ 4ರ ಸಂಜೆ ಥಾಣೆಯ ಶೀಲ್‌ಫಾಟಾ ಬಳಿಯ ಲಕ್ಕಿ ಕಂಪೌಂಡಿನಲ್ಲಿ ಇನ್ನೂ ಕಟ್ಟುತ್ತಿದ್ದ ಅನಧಿಕೃತ ಕಟ್ಟಡವೊಂದು ಕುಸಿದು 74 ಮಂದಿ ಸತ್ತರು. ಅವರಲ್ಲಿ ಅನೇಕರು ಅದೇ ಕಟ್ಟಡದ ಕೂಲಿಗಾರರು ಮತ್ತು ಅವರ ಹೆಂಡತಿ ಮಕ್ಕಳು. ಬೇರೆ ಜಾಗವಿಲ್ಲದೆ ತಾವು ಕಟ್ಟುತ್ತಿದ್ದ ಮಹಡಿಗಳಲ್ಲೇ ಸಂಸಾರ ಹೂಡಿದ್ದವರು. ಬಿಲ್ಡರರ ಜತೆಗೆ ಪಾಲಿಕೆಯ ಅಧಿಕಾರಿಗಳನ್ನೂ ಪೋಲೀಸರನ್ನೂ ಆಗ ಬಂಧಿಸಲಾಯಿತು. ಕೂಲಿಗಾರನಿಗೆ ‘ಯೋಗ್ಯ ಜಾಗ’ ಕೊಡಬೇಕೆಂಬ 1979ರ ಕಾಯ್ದೆ ಅಂದೂ ಜಾರಿಯಲ್ಲೇ ಇತ್ತು.

ಮಾತಿನಿಂದ ಊರು ತಿಳಿಯುವುದೆ?

1998ರ ಜುಲೈಯಲ್ಲಿ ಇನ್ನೊಂದು ಪ್ರಯಾಣ ನಡೆಯಿತು. ಈ ಸಲ ಬಸ್ಸಲ್ಲ, ರೈಲು. ಮುಂಬಯಿಯಲ್ಲಿ ಜರಿ ಕೆಲಸ ಮಾಡುತ್ತಿದ್ದ ಬಂಗಾಳಿ ಮಾತಿನ ಮೂವತ್ತಕ್ಕೂ ಹೆಚ್ಚು ಮಂದಿಯನ್ನು ಬಾಂಗ್ಲಾದೇಶೀಯರೆಂದು ಹಿಡಿದು ಪೋಲೀಸರು ಕುರ್ಲಾ–ಹೌರಾ ಗಾಡಿಯಲ್ಲಿ ಗಡಿಯತ್ತ ಸಾಗಿಸಿದರು. ಪಶ್ಚಿಮ ಬಂಗಾಳದ ಉಲುಬೇರಿಯಾ ನಿಲ್ದಾಣದಲ್ಲಿ ಜನ ಗಾಡಿ ತಡೆದು ಅವರನ್ನು ಇಳಿಸಿಕೊಂಡರು. ಇವರು ನಮ್ಮ ಜಿಲ್ಲೆಗಳವರೇ ಎಂಬುದು ಅವರ ವಾದ. ಎರಡು ರಾಜ್ಯ ಸರಕಾರಗಳ ನಡುವೆ ಜಗಳವೇ ಆಯಿತು.

2025ರ ಜೂನ್‌ನಲ್ಲಿ ಇದೇ ಕಥೆ ನಮ್ಮ ಥಾಣೆ ಜಿಲ್ಲೆಯಲ್ಲಿ ನಡೆಯಿತು. ಮುರ್ಶಿದಾಬಾದಿನಿಂದ ಬಂದು ಮೀರಾರೋಡಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಒಬ್ಬನನ್ನು ಹಿಡಿದು, ಗಡಿಗೆ ಒಯ್ದು, ಬಾಂಗ್ಲಾದೇಶದೊಳಗೆ ತಳ್ಳಲಾಯಿತು. ಮನೆಯವರು, ಪಶ್ಚಿಮ ಬಂಗಾಳದ ಅಧಿಕಾರಿಗಳು ಅವನ ಕಾಗದಪತ್ರ ಒದಗಿಸಿದ ಮೇಲೆ ಅವನು ಭಾರತದ ಪ್ರಜೆಯೆಂದು ಒಪ್ಪಿ ವಾಪಸು ಕರೆತರಬೇಕಾಯಿತು. ಮಹಾರಾಷ್ಟ್ರದಲ್ಲಿ ಹಿಡಿಯಲ್ಪಟ್ಟ ಇನ್ನೂ ಕೆಲವರ ಪಾಡೂ ಇದೇ.

ದೇಶಕ್ಕೆ ಗಡಿಯಿದೆ, ಗಡಿ ಕಾಯುವುದು ಸರಕಾರದ ಕರ್ತವ್ಯ ಎಂಬುದರಲ್ಲಿ ಎರಡು ಮಾತಿಲ್ಲ. ಅನುಮತಿಯಿಲ್ಲದೆ ಬಂದ ವಿದೇಶೀಯರೂ ಈ ಪ್ರದೇಶದಲ್ಲಿ ಇದ್ದಾರೆ. ಅವರನ್ನು ಕಾನೂನಿನಂತೆ ವಿಚಾರಿಸುವುದಕ್ಕೆ ಯಾರ ಆಕ್ಷೇಪವೂ ಇರಲಾರದು. ಪ್ರಶ್ನೆಯಿರುವುದು ವಿಚಾರಣೆಯ ಬಗೆಯಲ್ಲಿ. 1946ರ ವಿದೇಶೀಯರ ಕಾಯ್ದೆಯಂತೆ, ತಾನು ವಿದೇಶೀಯನಲ್ಲ ಎಂದು ಸಾಬೀತುಪಡಿಸುವ ಭಾರ ಹಿಡಿಯಲ್ಪಟ್ಟವನ ಮೇಲೆಯೇ ಇತ್ತು. 2025ರ ಸೆಪ್ಟೆಂಬರ್ 1ರಂದು ಅದರ ಜಾಗಕ್ಕೆ ಬಂದ ಹೊಸ ಕಾಯ್ದೆಯೂ ಆ ಭಾರವನ್ನು ಅಲ್ಲಿಯೇ ಉಳಿಸಿದೆ. ಬ್ಯಾಂಕಿನ ಗುಮಾಸ್ತನಿಗೆ ಇದು ಕಷ್ಟವಲ್ಲ. ಶಾಲೆಯ ದಾಖಲೆ, ಜನನಪತ್ರ, ಪಾಸ್‌ಪೋರ್ಟ್ ತೆಗೆದಿಡುತ್ತಾನೆ. ಶೆಡ್ಡಿನಲ್ಲಿ ಮಲಗಿ ನಿದ್ದೆಗಣ್ಣಿನಲ್ಲಿ ಎದ್ದವನ ಹತ್ತಿರ ಏನಿರುತ್ತದೆ? ಅವನ ಮಾತು ಮಾತ್ರ. ಆ ಮಾತೇ ಅವನ ಮೇಲಿನ ಆರೋಪವೂ ಆಗುತ್ತದೆ.

ಈ ಮಾತು ನಮಗೆ ಇತರರಿಗಿಂತ ಚೆನ್ನಾಗಿ ಅರ್ಥವಾಗಬೇಕು. ಅಕ್ಕಲಕೋಟೆಯ, ಜತ್ತಿನ, ದಕ್ಷಿಣ ಸೊಲ್ಲಾಪುರದ ಮನೆಗಳಲ್ಲಿ ಇಂದಿಗೂ ಕನ್ನಡವೇ ಆಡುವ ಜನರಿದ್ದಾರೆ. ಅವರು ಮಹಾರಾಷ್ಟ್ರದವರು. ಡೊಂಬಿವಲಿಯ ಕಟ್ಟಡದಲ್ಲಿ ಅಂಥವನೊಬ್ಬ ಕನ್ನಡ ಮಾತಾಡಿದರೆ ಅವನನ್ನು ಹೊರಗಿನವನೆಂದು ಹೇಳುವುದು ಹೇಗೆ? ಹಾಗೆಯೇ ಬಂಗಾಳಿ ಆಡುವವರೆಲ್ಲ ಗಡಿಯಾಚೆಯವರಲ್ಲ. 1966ರ ನಂತರದ ವರ್ಷಗಳಲ್ಲಿ ದಕ್ಷಿಣದವರ ಲುಂಗಿ, ಮಾತು ನೋಡಿ ಉಡುಪಿ ಹೋಟೆಲುಗಳ ಗಾಜು ಒಡೆದ ಕಾಲವನ್ನು ನಮ್ಮ ಹಿರಿಯರು ಮರೆತಿಲ್ಲ. ಕಾಲ ಕಳೆದಂತೆ ಆ ಬೆರಳು ನಮ್ಮಿಂದ ಸರಿಯಿತು, ಬೇರೆಯವರತ್ತ ತಿರುಗಿತು.

ನಮ್ಮ ನಾಡಿನಲ್ಲೂ ಇದು ನಡೆದಿದೆ ಎಂಬುದನ್ನು ಮುಚ್ಚಿಡುವಂತಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶೀಯರು ಸೇರಿಕೊಂಡಿದ್ದಾರೆಂದು ಕೂಲಿಗಾರರ ಶೆಡ್ಡುಗಳನ್ನು ನೆಲಸಮ ಮಾಡಲಾಯಿತು. ಸೂರು ಕಳಕೊಂಡವರಲ್ಲಿ ಅಸ್ಸಾಂ, ತ್ರಿಪುರಾದವರಿದ್ದರು. ಜತೆಗೆ ಉತ್ತರ ಕರ್ನಾಟಕದಿಂದ ಗುಳೆ ಬಂದ ಕನ್ನಡಿಗರೂ ಇದ್ದರು. ಕರ್ನಾಟಕದ ರಾಜಧಾನಿಯಲ್ಲಿ ಕನ್ನಡಿಗನ ಗುಡಿಸಲು ವಿದೇಶೀಯನದೆಂದು ಬಿತ್ತು! ಕರ್ನಾಟಕ ಹೈಕೋರ್ಟ್ ಮುಂದಿನ ತೆರವಿಗೆ ತಡೆ ಕೊಟ್ಟು ಸರಕಾರವನ್ನು ತರಾಟೆಗೆ ತೆಗೆದುಕೊಂಡಿತು. ಆ ಪೀಠದ ಮುಖ್ಯಸ್ಥರು ಅಂದಿನ ಮುಖ್ಯ ನ್ಯಾಯಮೂರ್ತಿ ಎ. ಎಸ್. ಓಕಾ ಅವರು. 1983ರಲ್ಲಿ ನಮ್ಮ ಥಾಣೆಯ ಜಿಲ್ಲಾ ಕೋರ್ಟಿನಲ್ಲಿ ವಕೀಲಿ ಆರಂಭಿಸಿದವರು.

ಕರಾವಳಿಯ ಮನೆಗಳೂ ಬಲ್ಲ ಕಥೆ

ಇದೆಲ್ಲ ಕೂಲಿನಾಲಿ ಮಾಡುವವರ ಪಾಡು, ನಮಗೇನು ಎನ್ನುವವರು ಕೊಲ್ಲಿ ರಾಷ್ಟ್ರಗಳನ್ನು ನೆನೆಯಬೇಕು. 2013ರಲ್ಲಿ ಸೌದಿ ಅರೇಬಿಯಾ ‘ನಿತಾಕತ್’ ನೀತಿಯನ್ನು ಬಿಗಿಗೊಳಿಸಿ, ಕಾಗದಪತ್ರ ಸರಿಪಡಿಸಿಕೊಳ್ಳಲು ನವೆಂಬರ್ 3ರ ವರೆಗೆ ಗಡುವು ಕೊಟ್ಟಿತು. ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಮರಳಿದರು. ದಕ್ಷಿಣ ಕನ್ನಡ, ಉಡುಪಿ, ಭಟ್ಕಳದ ಎಷ್ಟೋ ಮನೆಗಳಿಗೆ ಆ ವರ್ಷ ‘ಔಟ್‌ಪಾಸ್’ ಎಂಬ ಪದ ಪರಿಚಯವಾಯಿತು.

ಅಲ್ಲಿ ನಮ್ಮ ಹುಡುಗ ‘ಅಕ್ರಮ’ ಆದದ್ದು ಹೇಗೆ? ಪಾಸ್‌ಪೋರ್ಟ್ ಕಫೀಲನ ಕೈಯಲ್ಲಿ. ಸಂಬಳ ಬಾರದೆ ಬೇರೆ ಕಡೆ ದುಡಿಯಲು ಹೋದರೆ ಕಫೀಲ ‘ಹುರೂಬ್’, ಅಂದರೆ ಓಡಿಹೋದವನು, ಎಂದು ಬರೆಸಿದ. ಅಂದೇ ಇವನು ಅಪರಾಧಿ. ಮಾಲೀಕ ಬರೆಸಿದ್ದು ನಿಜವೋ ಸುಳ್ಳೋ ಎಂದು ಕೇಳುವವರಿಲ್ಲ. ಜಿದ್ದಾದಲ್ಲಿ ಹೀಗಾದಾಗ ನಾವು ಹುಡುಗನ ಪಾಪವೆಂದು ಹೇಳಲಿಲ್ಲ, ಕಫೀಲನ ಅನ್ಯಾಯವೆಂದೆವು. ಘಣ್ಸೋಲಿಯ ಶೆಡ್ಡಿನಲ್ಲಿ ಹಿಡಿದವನ ಬಗ್ಗೆ ಮಾತಾಡುವಾಗ ಅದೇ ನ್ಯಾಯ ನಮ್ಮ ನಾಲಗೆಗೆ ಬರಬೇಡವೆ?

ಹೋಟೆಲಿನ ಮಾತನ್ನೂ ಇಲ್ಲಿ ಹೇಳಬೇಕು. ಕರಾವಳಿಯ ಹಳ್ಳಿಗಳಿಂದ ಹತ್ತು ಹನ್ನೆರಡು ವರ್ಷದ ಮಾಣಿಗಳು ಬಂದು ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದದ್ದು ಮುಂಬಯಿ ಕನ್ನಡಿಗರ ಚರಿತ್ರೆಯ ದೊಡ್ಡ ಅಧ್ಯಾಯ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನವರನ್ನು ಹೋಟೆಲು, ಮನೆಗೆಲಸಗಳಲ್ಲಿ ಇಡುವುದು ನಿಷಿದ್ಧವಾಯಿತು. ಅದು ಒಳ್ಳೆಯ ಕಾನೂನು, ಮಗು ಶಾಲೆಯಲ್ಲಿರಬೇಕು. ಆದರೆ ಧಾಳಿಯಲ್ಲಿ ಸಿಕ್ಕ ಮಗುವನ್ನು ಊರಿನ ಬಸ್ಸು ಹತ್ತಿಸಿದಲ್ಲಿಗೆ ಕಾನೂನಿನ ಕೆಲಸ ಮುಗಿಯುವುದಿಲ್ಲ. ಅವನ ಮನಿಯಾರ್ಡರಿಗೆ ಕಾಯುತ್ತಿದ್ದ ತಾಯಿಗೆ ಏನು ದಾರಿ, ಅವನಿಗೆ ಶಾಲೆ ಎಲ್ಲಿ ಎಂದು ಕೇಳುವವರು ಬೇಕು. ರಾತ್ರಿಶಾಲೆಗಳನ್ನು ಕಟ್ಟಿದ ನಮ್ಮ ಹಿರಿಯರು ಆ ಪ್ರಶ್ನೆಯನ್ನು ಸರಕಾರಕ್ಕೆ ಬಿಡದೆ ತಾವೇ ಕೇಳಿಕೊಂಡಿದ್ದರು. ಅವರ ಹೆಚ್ಚುಗಾರಿಕೆ ಇರುವುದು ಅಲ್ಲಿ.

ಎರಡೂ ಬಾಗಿಲು ಮುಚ್ಚಿದ ಬೇಸಗೆ

2020ರ ಮಾರ್ಚ್ 25ರಂದು ಲಾಕ್‌ಡೌನ್ ಬಂದಾಗ ಈ ಇಡೀ ಚರಿತ್ರೆ ಒಮ್ಮೆಲೇ ಹೊರಬಿತ್ತು. ಯಾವ ಕೂಲಿಗಾರ ಎಲ್ಲಿಂದ ಬಂದವನು, ಯಾರ ಬಳಿ ದುಡಿಯುತ್ತಿದ್ದಾನೆ ಎಂಬ ಲೆಕ್ಕ ಯಾವ ಕಚೇರಿಯಲ್ಲೂ ಇರಲಿಲ್ಲ. 1979ರ ಕಾಯ್ದೆಯ ರಿಜಿಸ್ಟರುಗಳು ಪಾಲನೆಯಾಗಿದ್ದರೆ ಆ ಲೆಕ್ಕ ಪ್ರತಿ ಜಿಲ್ಲೆಯಲ್ಲೂ ಸಿದ್ಧವಿರುತ್ತಿತ್ತು. ಊರು ತಲುಪುವ ಹಾದಿಯಲ್ಲಿ ಸತ್ತ ವಲಸೆ ಕಾರ್ಮಿಕರ ಅಂಕಿ ಅಂಶ ತನ್ನ ಬಳಿ ಇಲ್ಲವೆಂದು ಆ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರ ಸಂಸತ್ತಿಗೇ ತಿಳಿಸಿತು.

ಆ ಮೇ ತಿಂಗಳಲ್ಲಿ ಕರ್ನಾಟಕ ಸರಕಾರ ಎರಡು ಕೆಲಸ ಮಾಡಿತು. ಬಿಲ್ಡರರೊಡನೆ ಸಭೆ ನಡೆದ ಮೇಲೆ, ಬಿಹಾರ ಮುಂತಾದೆಡೆಗೆ ಕೂಲಿಗಾರರನ್ನು ಒಯ್ಯಬೇಕಿದ್ದ ರೈಲುಗಳನ್ನು ರದ್ದು ಮಾಡಿತು. ಕೂಗೆದ್ದ ಮೇಲೆ ಮತ್ತೆ ಬಿಟ್ಟಿತು. ಮೇ 18ರಂದು, ಮಹಾರಾಷ್ಟ್ರವೂ ಸೇರಿ ನಾಲ್ಕು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಸಾರಿತು. ಕೆಲಸ ನಿಂತ ಥಾಣೆಯಲ್ಲಿ ಕೂಲಿ ಇಲ್ಲ. ಹುಟ್ಟಿದ ಊರಿಗೆ ಹೋಗಲು ದಾರಿ ಇಲ್ಲ. ರೋಗದ ಭಯ ಸುಳ್ಳಲ್ಲ. ಆದರೆ 1981ರಲ್ಲಿ ಬೇಡವೆಂದವನನ್ನು ಊರಿಗೆ ಅಟ್ಟಿದ ವ್ಯವಸ್ಥೆ, 2020ರಲ್ಲಿ ಊರಿಗೆ ಹೊರಟವನನ್ನು ತಡೆದು ನಿಲ್ಲಿಸಿತು. ಎರಡು ಸಲವೂ ಅವನನ್ನು ಯಾರೂ ಕೇಳಲಿಲ್ಲ.

ಈಗ 1979ರ ಕಾಯ್ದೆಯೂ ಇಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಅದು ಲೀನವಾಗಿದೆ. ಹೊಸ ಸಂಹಿತೆ ಸ್ವಂತವಾಗಿ ಬಂದು ದುಡಿಯುವವನನ್ನೂ ವಲಸೆ ಕಾರ್ಮಿಕನೆಂದು ಒಪ್ಪುತ್ತದೆ, ಇದು ಲಾಭ. ಆದರೆ ಊರು ಬಿಟ್ಟ ಭತ್ಯ ಹೋಗಿದೆ. ಐದು ಮಂದಿಯ ಮಿತಿ ಹತ್ತಕ್ಕೆ ಏರಿದೆ. ನಾಲ್ಕೈದು ಮಂದಿಯನ್ನಷ್ಟೇ ಇಟ್ಟುಕೊಂಡ ಸಣ್ಣ ಗುತ್ತಿಗೆದಾರ ಕೈಗೆ ಸಿಗುವುದು ಮತ್ತಷ್ಟು ಕಷ್ಟ.

ಹಾಗಾದರೆ ನಮ್ಮಂಥ ಸಂಘಗಳು ಮಾಡಬಹುದಾದದ್ದೇನು? ಸರಕಾರದ ನೀತಿ ಬದಲಿಸುವ ಬಲ ನಮಗಿಲ್ಲ. ಆದರೆ ಕಾಗದವೇ ಬದುಕನ್ನು ತೀರ್ಮಾನಿಸುವ ಕಾಲದಲ್ಲಿ ಓದುಬರಹ ಬಲ್ಲವರ ಒಂದು ಗಂಟೆಗೂ ಬೆಲೆಯಿದೆ. 2021ರ ಆಗಸ್ಟಿನಿಂದ ಇ-ಶ್ರಮ್ ನೋಂದಣಿ ನಡೆಯುತ್ತಿದೆ. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ 18ರಿಂದ 60 ವಯಸ್ಸಿನವರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸುವ ಹಕ್ಕಿದೆ. ಊರಿನ ರೇಷನ್ ಕಾರ್ಡಿನ ಮೇಲೆಯೇ ಇಲ್ಲಿ ಧಾನ್ಯ ಪಡೆಯುವ ವ್ಯವಸ್ಥೆ ಬಂದಿದೆ. ಇವೆಲ್ಲ ಗೊತ್ತಿಲ್ಲದವರು ನಾಕಾದಲ್ಲಿ ಇನ್ನೂ ಬಹಳ ಮಂದಿ. ಭಾನುವಾರ ಮುಂಜಾನೆ ನಮ್ಮ ಯುವಕ ಯುವತಿಯರು ನಾಲ್ವರು ಒಂದು ನಾಕಾಕ್ಕೆ ಹೋಗಿ ಅರ್ಜಿ ತುಂಬಿಕೊಟ್ಟರೆ, ಕಾಗದಗಳ ಪ್ರತಿ ತೆಗೆಸಿ ಒಂದನ್ನು ಊರಿನ ಮನೆಗೆ ಕಳಿಸಲು ಹೇಳಿದರೆ, ತಪಾಸಣೆ ಬಂದಾಗ ಫೋನು ಮಾಡಲು ಒಬ್ಬ ಕನ್ನಡ ವಕೀಲರ ನಂಬರು ಕೊಟ್ಟರೆ, ಅದು ನಾಡಹಬ್ಬದಷ್ಟೇ ಕನ್ನಡದ ಕೆಲಸ.

ನಮ್ಮಲ್ಲಿ ಕಟ್ಟಡದ ಗುತ್ತಿಗೆದಾರರಿದ್ದಾರೆ, ಹೋಟೆಲು ನಡೆಸುವವರಿದ್ದಾರೆ, ಹೊಸ ಫ್ಲ್ಯಾಟು ಕೊಳ್ಳುವವರಂತೂ ಮನೆಗೊಬ್ಬರಿದ್ದಾರೆ. ತಮ್ಮ ಬಳಿ ದುಡಿಯುವವರ ಹೆಸರು, ಊರು, ಕೂಲಿಯ ದರವನ್ನು ಅವರ ಭಾಷೆಯಲ್ಲಿ ಒಂದು ಪುಸ್ತಕದಲ್ಲಿ ಬರೆದು ಅವರ ಕೈಗಿಡುವುದಕ್ಕೆ ಯಾವ ಕಾನೂನಿನ ಅಪ್ಪಣೆಯೂ ಬೇಕಿಲ್ಲ. ಕಾಯ್ದೆಯ ಪುಟದಲ್ಲೇ ಉಳಿದುಹೋದ ಆ ಕನ್ನಡ ಪಾಸ್‌ಬುಕ್ಕನ್ನು ನಮ್ಮವರೇ ಮೊದಲು ಕೊಟ್ಟು ತೋರಿಸಲಿ. ಕೊಟ್ಟವರ ಅನುಭವವನ್ನು ಈ ಪತ್ರಿಕೆಯ ಪುಟಗಳಲ್ಲಿ ಪ್ರಕಟಿಸಲು ನಾವು ಸಂತೋಷದಿಂದ ಕಾದಿದ್ದೇವೆ.